ಎಡಗಡೆಯ ಸ್ಪೀಕರ್

ಫೆಬ್ರವರಿ 9, ಭಾನುವಾರ

ಮೂರನೇ ಸಲ ವೈರ್ ಸುಲಿದದ್ದು. ಹಲ್ಲಲ್ಲಿ ಕಚ್ಚಿ ಸುಲಿಯಬೇಡಿ ಎಂದು ಇವಳು ಬೈದಳು. ಕಟರ್ ಎಲ್ಲಿಟ್ಟೆನೋ, ಸಿಕ್ಕರೆ ತಾನೆ.

ಐದು ಸ್ಪೀಕರ್, ಒಂದು ವೂಫರ್ ಡಬ್ಬ, ಒಂದು ಆಂಪ್ಲಿಫೈಯರ್. ಎಲ್ಲವೂ ಸೆಕೆಂಡ್ ಹ್ಯಾಂಡ್. ಅಂಗಡಿಯವನು ಒರೆಸಿ ಒರೆಸಿ ತೋರಿಸಿದ. "ಹೊಸದು ತಗೊಂಡ್ರೂ ಇದೇ ಸೌಂಡ್ ಸಾರ್. ಇದಕ್ಕೆ ಗೀರು ಬಿದ್ದಿದೆ, ಅಷ್ಟೇ." ಗೀರು ಕೇಳಿಸುವುದಿಲ್ಲವಲ್ಲ, ತಂದುಬಿಟ್ಟೆ.

ಹಿಂದಿನ ಎರಡಕ್ಕೆ ಸ್ಟ್ಯಾಂಡ್ ಇಲ್ಲ. ಹೂಕುಂಡ ಇಳಿಸಿ ಆ ಸ್ಟೂಲುಗಳನ್ನೇ ಇಟ್ಟೆ. ಇವಳ ಹೊಲಿಗೆ ಟೇಪು ಹಿಡಿದು ಸೋಫಾದಿಂದ ಎಡಕ್ಕೂ ಬಲಕ್ಕೂ ಒಂದೇ ಅಳತೆ ತೆಗೆದೆ. "ಗೋಡೆಗೆ ಅಂಗಿ ಹೊಲಿಯೋಕೆ ಹೊರಟ್ರಾ?" ಎಂದು ನಗುತ್ತಾಳೆ. ನಗಲಿ. ಮದುವೆಯಾದ ಹೊಸತರಲ್ಲಿ ವಾರಕ್ಕೊಂದು ಸಿನಿಮಾ ನೋಡುತ್ತಿದ್ದೆವು. ಈಗ ಬೆನ್ನುನೋವು, ಹಾಲ್‌ನಲ್ಲಿ ಮೂರು ಗಂಟೆ ಕೂರಲಾರಳು. ಸಿನಿಮಾ ಹಾಲನ್ನೇ ಮನೆಗೆ ತರುತ್ತೇನೆ ಎಂದಿದ್ದೆ. ತಂದೆ.

ಕೆಲಸದ ನಡುವೆ ಏನೋ ಕೇಳಿದಳು. ಹ್ಞೂಂ ಎಂದೆ. ಆಮೇಲೆ ನೋಡಿದರೆ ನನ್ನ ಹೊಸ ನೀಲಿ ಅಂಗಿ ಇವಳ ತಮ್ಮನ ಕೈಯಲ್ಲಿ! "ಕೇಳಿದ್ನಲ್ರೀ, ಹ್ಞೂಂ ಅಂದ್ರಿ." ಅವನು ಆಗಲೇ ಬಾಗಿಲು ದಾಟಿದ್ದ, ಭಂಡ. ಒಂದು ತಿಂಗಳಿಂದ ಎಲ್ಲದಕ್ಕೂ ಹ್ಞೂಂ ಎನ್ನುವುದು ಅಭ್ಯಾಸವಾಗಿಬಿಟ್ಟಿದೆ.

ಆನ್ ಮಾಡಿದಾಗ ಸಣ್ಣಗೆ ಗುಂಯ್ ಎನ್ನುತ್ತದೆ. ಅರ್ಥಿಂಗ್ ಸರಿಯಿಲ್ಲ ಅಂತ ಕಾಣುತ್ತೆ. ಮುಂದಿನ ರಜೆಯ ದಿನ ನೋಡಬೇಕು.

ಫೆಬ್ರವರಿ 12, ಬುಧವಾರ

ನಾನು ಕೆಲಸ ಮಾಡುವ ಯಾರ್ಡಿನಲ್ಲಿ ಅಪಘಾತವಾಯಿತು. ಆದದ್ದನ್ನು ಆದ ಹಾಗೇ ಬರೆದಿಡುತ್ತೇನೆ.

ಇವಳ ತಮ್ಮನೇ ಯಾರ್ಡಿನಲ್ಲಿ ನನ್ನ ಸಿಗ್ನಲ್‌ಮ್ಯಾನ್. ಎಲ್ಲರೂ ಅವನನ್ನು ಸೀಟಿ ಎಂದೇ ಕರೆಯುವುದು. ನಾನು ಕ್ರೇನ್ ಕ್ಯಾಬಿನ್‌ನಲ್ಲಿ ಮೇಲೆ, ಅವನು ಕೆಳಗೆ. ಬಲಗಡೆ ಮೋಟಾರಿನ ಗದ್ದಲ. ಎಡಗಡೆ ದೊಡ್ಡ ಕಂಬ ಅಡ್ಡ, ಅದರಾಚೆ ನನಗೇನೂ ಕಾಣದು. ಅಲ್ಲಿ ಅವನು ಊದಿದ್ದೇ ನನಗೆ ಕಣ್ಣು. ಎರಡು ಚಿಕ್ಕದು ಊದಿದರೆ ಎತ್ತಬೇಕು. ಒಂದು ಉದ್ದ ಊದಿದರೆ ನಿಲ್ಲಿಸಬೇಕು.

ಇವತ್ತು ಹನ್ನೊಂದರ ಹೊತ್ತಿಗೆ ಪೈಪಿನ ಕಟ್ಟು ಎಡಕ್ಕೆ ತಿರುಗಿಸುತ್ತಿದ್ದೆ. ಕಂಬದ ಆಚೆ ಒಬ್ಬ ಲೋಡರ್ ಬಗ್ಗಿ ಹಗ್ಗ ಬಿಚ್ಚುತ್ತಿದ್ದನಂತೆ. ಕಟ್ಟು ಅವನ ಭುಜಕ್ಕೆ ತಗುಲಿತು. ಬಿದ್ದ. ಕೈ ಮುರಿದಿದೆ. ಒಂದು ಗೇಣು ಆಚೆ ಬಂದಿದ್ದರೆ ತಲೆಗೇ...

ಬೇಡ. ಬರೆಯಲಾರೆ.

ಸೂಪರ್‌ವೈಸರ್ ಓಡಿಬಂದರು. "ಸೀಟಿ ಊದಿದನೇನಪ್ಪಾ?"

"ನನಗೆ ಕೇಳಿಸಲಿಲ್ಲ ಸಾರ್" ಎಂದೆ. ಕೇಳಿಸಿರಲಿಲ್ಲ. ದೇವರಾಣೆ.

"ಊದಿದೆ ಭಾವ! ಉಸಿರು ಕಟ್ಟೋವರೆಗೂ ಊದಿದೆ!" ಎಂದು ಅವನು ಬಡಕೊಂಡ. ಯಾರು ನಂಬುತ್ತಾರೆ? ನನ್ನದು ಇಪ್ಪತ್ತೆರಡು ವರ್ಷದ ಕೈ. ಅವನು ಸೇರಿ ಎರಡು ವರ್ಷ, ಸೇರಿಸಿದ್ದೂ ನಾನೇ. ಅವನ ಕಾರ್ಡ್ ಕಿತ್ತುಕೊಂಡು ಗೇಟಿನಾಚೆ ಕಳಿಸಿದರು. ಇಪ್ಪತ್ತನಾಲ್ಕಕ್ಕೆ ವಿಚಾರಣೆ.

ಫೆಬ್ರವರಿ 13

ಇವಳು ಮಾತು ಬಿಟ್ಟಿದ್ದಾಳೆ. ತಟ್ಟೆ ಇಡುವ ಸದ್ದಿನಲ್ಲೇ ಎಲ್ಲ ಹೇಳುತ್ತಿದ್ದಾಳೆ. ಮಲಗುವ ಮುಂಚೆ ಒಂದೇ ಮಾತು: "ನನ್ನ ತಮ್ಮ ಸೋಮಾರಿ ಇರಬಹುದು. ಸುಳ್ಳ ಅಲ್ಲ."

ನಾನೂ ಸುಳ್ಳನಲ್ಲವಲ್ಲ.

ಫೆಬ್ರವರಿ 16, ಭಾನುವಾರ. ಬೆಳಿಗ್ಗೆ

ತಲೆಗೆ ಬೇರೆ ಕೆಲಸ ಬೇಕಿತ್ತು. ಸ್ಪೀಕರ್ ಹಿಡಿದು ಕೂತೆ.

ಆಂಪ್ಲಿಫೈಯರ್‌ನಲ್ಲಿ ಒಂದು ಟೆಸ್ಟ್ ಇದೆ. ಶ್ಶ್ ಎಂಬ ಸದ್ದು ಒಂದೊಂದೇ ಸ್ಪೀಕರ್‌ಗೆ ಹೋಗುತ್ತದೆ. ಮುಂದೆ ಎಡ, ನಡು, ಮುಂದೆ ಬಲ, ಹಿಂದೆ ಬಲ, ಹಿಂದೆ ಎಡ. ಬಲಗಡೆಯವು ಜೋರು. ಹಿಂದಿನ ಎಡಗಡೆಯದು ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ. ಅದೂ ಬಲಗಡೆಯಿಂದಲೇ ಬಂದ ಹಾಗೆ. ವೈರ್ ಅದಲುಬದಲಾಗಿದೆ ಎಂದು ಬದಲಿಸಿದೆ. ಹಾಗೇ ಇದೆ. ಸ್ಪೀಕರನ್ನೇ ಆ ಸ್ಟೂಲಿನಿಂದ ಈ ಸ್ಟೂಲಿಗೆ ಇಟ್ಟೆ. ಊಹೂಂ.

ಎಡಗಡೆಯದನ್ನು ಬಗಲಲ್ಲಿ ಇಟ್ಟುಕೊಂಡು ಅಂಗಡಿಗೆ ಹೋದೆ. ಟೋಪಿ ಹಾಕಿದೆಯಲ್ಲಯ್ಯಾ ಎಂದು ಕೂಗಾಡಿದೆ. ಅವನು ಅದನ್ನು ಸಿಕ್ಕಿಸಿ ನನ್ನ ಮುಖದ ಮುಂದೆ ಹಿಡಿದ. ಗಣಗಣ ಎಂದಿತು. "ಸಾರ್, ಇದಕ್ಕೇನಾಗಿದೆ? ನಿಮ್ಮ ರೂಮಲ್ಲೇ ಏನೋ ತೊಂದರೆ." ಸೋತು ಬಂದೆ.

ಕೊನೆಗೆ ಎಡಗಡೆಯ ವಾಲ್ಯೂಮ್ ಏರಿಸುತ್ತಾ ಹೋದೆ. ಎರಡು, ನಾಲ್ಕು, ಎಂಟು... ಹತ್ತರವರೆಗೆ. ಆಗ ಸಮ ಬಂತು. ಹಾ! ಇದಪ್ಪಾ ಹಾಲ್ ಎಂದರೆ! ಜಗಳ ಮರೆತು ಇವಳನ್ನು ಕರೆದು ನಡುವೆ ಕೂರಿಸಿದೆ. ಐದು ನಿಮಿಷವೂ ಕೂರಲಿಲ್ಲ. ಎಡಗಿವಿ ಮುಚ್ಚಿಕೊಂಡು ಎದ್ದಳು.

"ಅಯ್ಯೋ ಮಾರಾಯ್ರೇ, ಆ ಕಡೇದು ಕಿವಿ ಹರಿದುಹೋಗೋ ಹಾಗೆ ಕಿರಚ್ತಿದೆ! ಇದನ್ನ ಸಮ ಅಂತೀರಾ?"

ನಿನಗೆ ಸಂಗೀತದ ಗಂಧವಿಲ್ಲ ಎಂದೆ. ಅನ್ನಬಾರದಿತ್ತು.

ಅದೇ ದಿನ, ಐದು ಗಂಟೆ

ಗುಂಯ್ ಎನ್ನುವುದನ್ನಾದರೂ ಸರಿಮಾಡೋಣ ಎಂದುಕೊಂಡೆ. ಬೇರೆ ಸಾಕೆಟ್‌ಗೆ ಹಾಕಿದೆ. ಗುಂಯ್. ವೂಫರ್ ಬಿಚ್ಚಿದೆ. ಗುಂಯ್. ಐದೂ ಸ್ಪೀಕರ್ ಬಿಚ್ಚಿದೆ. ಗುಂಯ್. ಪ್ಲಗ್ಗನ್ನೇ ಕಿತ್ತೆ.

ಗುಂಯ್ ನಿಲ್ಲಲಿಲ್ಲ.

ಪ್ಲಗ್ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಇವಳು ಅಂಗಡಿಗೆ ಹೋಗಿದ್ದಳು. ಮನೆಯಲ್ಲಿ ಒಂದು ಸದ್ದಿಲ್ಲ. ನನ್ನ ಎಡಗಿವಿಯೊಳಗೆ ಮಾತ್ರ ಗುಂಯ್... ಕಳೆದ ತಿಂಗಳು ಶೀತ ಆದಾಗಿನಿಂದಲೂ ಇದೆಯಲ್ಲವೇ ಇದು? ಕ್ಯಾಬಿನ್ ಮೋಟಾರಿನದೆಂದುಕೊಂಡಿದ್ದೆ. ಫ್ರಿಜ್ಜಿನದೆಂದುಕೊಂಡಿದ್ದೆ.

ಎಲ್ಲ ಮತ್ತೆ ಜೋಡಿಸಿದೆ. ಏರಿಸಿದ್ದ ವಾಲ್ಯೂಮ್ ಮತ್ತೆ ಸೊನ್ನೆಗೆ, ಎಲ್ಲ ಸ್ಪೀಕರ್ ಒಂದೇ ಸಮ ಇರುವ ಗುರುತಿಗೆ ತಂದೆ. ಟೆಸ್ಟ್ ಹಾಕಿ, ಟಿವಿಗೆ ಬೆನ್ನು ಮಾಡಿ ಕೂತೆ. ಸತ್ತಿದೆ ಎಂದುಕೊಂಡಿದ್ದ ಸ್ಪೀಕರ್ ಈಗ ನನ್ನ ಬಲಕ್ಕೆ. ಶ್ಶ್ ಎಂದು ಸ್ಪಷ್ಟವಾಗಿ ಕೇಳಿತು. ಬೆಳಿಗ್ಗೆ ಜೋರಾಗಿದ್ದದ್ದು ಈಗ ಎಡಕ್ಕೆ. ಅದು ಹೋಯಿತು.

ವೈರ್ ಸರಿಯಿದೆ. ಸ್ಪೀಕರ್ ಸರಿಯಿದೆ. ರೂಮೂ ಸರಿಯಿದೆ.

ಅವನು ಊದಿದ್ದ.

ಫೆಬ್ರವರಿ 17

ಕೆಲಸಕ್ಕೆ ಹೋದೆ. ಹೋಗಬಾರದಿತ್ತು. ಕೆಳಗೆ ಹೊಸ ಸಿಗ್ನಲ್‌ಮ್ಯಾನ್. ಪ್ರತಿ ಸಲ ಎಡಕ್ಕೆ ತಿರುಗಿಸುವಾಗ ಲೋಡ್ ನಿಲ್ಲಿಸಿ, ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ನೋಡಿದೆ. ಕಂಬದ ಆಚೆ ಯಾರೋ ಬಗ್ಗಿ ಕೂತಿದ್ದಾರೆ ಎನಿಸುತ್ತದೆ. ಯಾರೂ ಇರುವುದಿಲ್ಲ. ಮತ್ತೆ ಎನಿಸುತ್ತದೆ. ಹನ್ನೆರಡಕ್ಕೆ ಇಳಿದು ಜ್ವರ ಎಂದೆ. ಅಂಗಿ ಬೆವರಿಗೆ ಒದ್ದೆಯಾಗಿತ್ತು. ಯಾರೂ ಪ್ರಶ್ನೆ ಕೇಳಲಿಲ್ಲ.

ರಸ್ತೆ ದಾಟಲೂ ಹೆದರಿಕೆ. ಎಡಗಡೆಯ ಜಗತ್ತು ಹೇಳದೆ ಕೇಳದೆ ಮೈಮೇಲೆ ಬೀಳುತ್ತದೆ.

ಫೆಬ್ರವರಿ 19

ಯಾರ್ಡಿನವರು ಯಾರೂ ಹೋಗದ ಬಡಾವಣೆಯ ಕಿವಿ ಡಾಕ್ಟರ್ ಹತ್ತಿರ ಹೋದೆ. ನನಗೆ ಮಗಳಾಗುವ ವಯಸ್ಸಿನ ಹುಡುಗಿ. ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದಳು. ಬಲಗಿವಿಗೆ ಒತ್ತಿದೆ, ಒತ್ತಿದೆ. ಎಡಗಿವಿಗೆ ಸದ್ದು ಬರಲೆಂದು ಕಾದೇ ಕಾದೆ. ಗಾಜಿನಾಚೆ ನೋಡಿದರೆ ಅವಳು ಬರೆದು ಮುಗಿಸುತ್ತಿದ್ದಳು. ಅಷ್ಟರಲ್ಲಿ ಪೂರ್ತಿ ಟೆಸ್ಟ್ ಆಗಿಹೋಗಿತ್ತು.

"ಸದ್ದು ಶುರುವಾದ ವಾರದಲ್ಲೇ ಬರಬೇಕಿತ್ತು ಅಂಕಲ್. ನರಕ್ಕೆ ಪೆಟ್ಟಾಗಿದೆ. ಈಗ ಔಷಧ ಕೊಡ್ತೀನಿ, ಆದ್ರೆ ಭರವಸೆ ಕೊಡಲಾರೆ. ಏನು ಕೆಲಸ ಮಾಡ್ತೀರಿ?"

ಅಂಗಡಿ ಎಂದೆ. ನಾಲಿಗೆಗೆ ಅದೇ ಬಂತು.

ಎಡಗಿವಿ ಕೇಳಿಸದು ಎಂದು ಚೀಟಿ ಬರೆದುಕೊಟ್ಟಿದ್ದಾಳೆ. ದಿಂಬಿನ ಕವರಿನೊಳಗೆ ಇಟ್ಟಿದ್ದೇನೆ. ಇದನ್ನು ತೋರಿಸಿದರೆ ಅವನು ಉಳಿದ. ನಾನು ಕ್ಯಾಬಿನ್‌ನಿಂದ ಇಳಿದ ಹಾಗೆ, ಮತ್ತೆ ಹತ್ತುವಂತಿಲ್ಲ. ಲೋಡರ್‌ನ ಕೈ ಮುರಿದದ್ದೂ ನನ್ನ ತಲೆಗೇ. ಐವತ್ತೊಂದರಲ್ಲಿ ಬೇರೆ ಏನು ಕಲಿಯಲಿ? ತೋರಿಸದಿದ್ದರೆ... ಇವಳ ತಮ್ಮ. ನನ್ನ ಮದುವೆಯಲ್ಲಿ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದ ಮಗು ಅವನು.

ಫೆಬ್ರವರಿ 21

ಸೀಟಿ ಬಂದಿದ್ದ. ಕೈಯಲ್ಲಿ ಹೊಸ ಸೀಟಿ! ಫಳಫಳ ಹೊಳೆಯುವ ಸ್ಟೀಲಿನದು.

"ಹಳೇದು ಹೋಗಿತ್ತೇನೋ ಭಾವ. ಉಗುಳು ಸೇರಿ ಸದ್ದು ಸತ್ತಿತ್ತು ಅನ್ಸುತ್ತೆ. ಇದು ನೋಡಿ, ಇಡೀ ಊರಿಗೆ ಕೇಳುತ್ತೆ." ನನ್ನೆದುರೇ ನಿಂತು ಊದಿದ. ಇವಳು ಕಿವಿ ಮುಚ್ಚಿಕೊಂಡು ನಕ್ಕಳು. ಎಷ್ಟು ದಿನವಾಗಿತ್ತು ಅವಳು ನಕ್ಕು. ನನಗೆ ಅಳು ಬಂತು. ಕೆಮ್ಮಿದೆ.

ಆಮೇಲೆ ಸಿನಿಮಾ ಹಾಕಿ ಎಂದಳು. ಅವನು ನಡುವೆ ಕೂತ. ಹತ್ತಕ್ಕೆ ಏರಿಸಿದ್ದ ಎಡಗಡೆಯದನ್ನು ಭಾನುವಾರವೇ ಸೊನ್ನೆಗೆ ತಂದಿದ್ದೆನಲ್ಲ. ಆದರೆ ನಿನ್ನೆ ಒಬ್ಬನೇ ಕೂತಾಗ ಮತ್ತೆ ಏರಿಸಿದ್ದೆ. ಮರೆತಿದ್ದೆ.

"ಅಬ್ಬಾ! ಭಾವ, ಎಡಗಡೇದು ಯಾಕೆ ಇಷ್ಟು?"

"ನಿಮ್ಮ ಭಾವನಿಗೆ ಹಾಗಿದ್ರೇ ಸಮ ಅಂತೆ ಕಣೋ" ಎಂದಳು ಇವಳು.

ಅವನು ಸ್ಪೀಕರ್ ನೋಡಿದ, ನನ್ನ ನೋಡಿದ. ಹೊಸ ಸೀಟಿಯನ್ನು ಜೇಬಿಗೆ ಹಾಕಿದ. ಹೊರಡುವಾಗ ನನ್ನ ಎಡಕ್ಕೆ ನಡೆದು ಬಂದು ಏನೋ ಹೇಳಿದ ಹಾಗಾಯಿತು. ಹ್ಞೂಂ ಎಂದೆ.

ಏನು ಹೇಳಿದ? ಗೊತ್ತಾಗಿಬಿಟ್ಟಿತೇ?

ಫೆಬ್ರವರಿ 24, ಸೋಮವಾರ. ಹತ್ತೂಕಾಲು. ಆಫೀಸಿನ ಹೊರಗೆ

ಬೆಂಚಿನ ಮೇಲೆ ಕೂತಿದ್ದೇನೆ. ಚೀಟಿ ಜೇಬಿನಲ್ಲಿದೆ. ಒಳಗೆ ಕರೆದಾಗ ಮೇಜಿನ ಮೇಲಿಟ್ಟುಬಿಡುತ್ತೇನೆ, ಮಾತೇ ಬೇಡ. ಇಡುತ್ತೇನೆಯೇ? ಎದುರಿಗೆ ನೀರು ಕೊಡುವ ಅಮ್ಮ ಲೋಟ ತೊಳೆಯುತ್ತಿದ್ದಾಳೆ. ಎರಡು ಲೋಟ ಕುಡಿದೆ.

ಸೀಟಿ ಬಂದ. ನನ್ನ ನೀಲಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು. ಎಡಕ್ಕೆ ಕೂತ. ಜಾಗ ಬದಲಿಸು ಎನ್ನಲು ಧೈರ್ಯ ಬರಲಿಲ್ಲ. ಏನೋ ಹೇಳುತ್ತಿದ್ದ, ತಲೆ ತಗ್ಗಿಸಿಕೊಂಡು. ತುಟಿಯೂ ಕಾಣಲಿಲ್ಲ. ಬಲಗಡೆ ಟೈಪಿಂಗ್ ಸದ್ದು. ಕೊನೆಗೆ ನನ್ನ ಮುಖ ನೋಡಿದ, ಉತ್ತರಕ್ಕೆ ಕಾದ ಹಾಗೆ. ಹ್ಞೂಂ ಎಂದೆ. ತಲೆಯನ್ನೂ ಆಡಿಸಿದೆ.

ನನ್ನ ಕೈ ಅದುಮಿ ಎದ್ದ. ಅವನನ್ನೇ ಮೊದಲು ಕರೆದರು. ಬಾಗಿಲು ಹಾಕಿಕೊಂಡಿತು.

ಹತ್ತೂವರೆ

ತಡೆಯಲಾಗಲಿಲ್ಲ. ನೀರಿನ ಅಮ್ಮನನ್ನು ಕೇಳಿದೆ. ಆ ಹುಡುಗ ಏನು ಹೇಳಿದ ಎಂದು. ಹುಚ್ಚನನ್ನು ನೋಡುವ ಹಾಗೆ ನೋಡಿದಳು.

"ಪಕ್ಕದಲ್ಲೇ ಕೂತಿದ್ರಲ್ಲ ಸ್ವಾಮಿ? 'ನಾನು ಊದಿದೆ ಅಂದ್ರೆ ನಿಮ್ಮ ಕೆಲಸ ಹೋಗುತ್ತೆ ಭಾವ. ನಾನು ಗಂಡು ಹುಡುಗ, ಎಲ್ಲಾದ್ರೂ ದುಡೀತೀನಿ. ಊದಿಲ್ಲ ಅಂತ ಒಪ್ಕೊಂಡುಬಿಡ್ಲಾ?' ಅಂದ."

ಲೋಟ ಬೋರಲು ಹಾಕಿ, ನನ್ನ ಬಲಕ್ಕೆ ಬಂದು ಮತ್ತೆ ಹೇಳಿದಳು. "ನೀವು ಹ್ಞೂಂ ಅಂದ್ರಿ."

ಚೀಟಿ ಕೈಯಲ್ಲಿದೆ. ಬಾಗಿಲು ಬಡಿಯಬೇಕು. ಬಡಿದರೆ ಒಳಗಿಂದ ಬನ್ನಿ ಅಂದದ್ದು ಕೇಳಿಸದೇ ಹೋದರೆ, ಇಲ್ಲೇ ನಿಂತುಬಿಟ್ಟರೆ... ಬಡಿಯುವುದೇ ಬೇಡ. ತಳ್ಳಿಕೊಂಡೇ ಹೋಗುತ್ತೇನೆ.