ರಬ್ಬರ್ ಇಲ್ಲದ ಮೇಜು

ಮಾರ್ಚ್ 3, ಬೆಳಿಗ್ಗೆ

ಇವತ್ತೂ ಅಳತೆ ಟೇಪಿನ ಸೊನ್ನೆಯ ತುದಿ ನನ್ನ ಕೈಯಲ್ಲಿ. ಇನ್ನೊಂದು ತುದಿ ಹಿಡಿದ ಚಿಕ್ಕಮ್ಮ ಹಳೆ ಮಾರುಕಟ್ಟೆಯ ಆ ಕೊನೆಯ ಕಂಬದ ಹತ್ತಿರ. ಕೂಗುವುದು ಅವರು, ಬರೆದುಕೊಳ್ಳುವುದು ನಾನು. 'ಇದಕ್ಕಾ ಕಾಲೇಜು ಬಿಟ್ಟಿದ್ದು?' ಎಂದು ಅಮ್ಮ ಕೇಳಿದರೆ ಉತ್ತರ ಸಿದ್ಧವಿದೆ — ಹೌದು, ಇದಕ್ಕೇ.

ನಗರಸಭೆ ಈ ಕಟ್ಟಡ ಕೆಡವಿ ಪಾರ್ಕಿಂಗ್ ಎಬ್ಬಿಸಲು ಹೊರಟಿದೆ. 28ಕ್ಕೆ ವಿಚಾರಣೆ. ಅಲ್ಲಿ ಸೋತರೆ ಬುಲ್ಡೋಜರ್. ಚಿಕ್ಕಮ್ಮ ಆರ್ಕಿಟೆಕ್ಟು, ಚಿತ್ರಗಾರ್ತಿ, ಅಮ್ಮನ ಬಾಯಲ್ಲಿ 'ಹಳೇ ಗೋಡೆಗಳನ್ನ ಕಟ್ಟಿಕೊಂಡವಳು'. ಇಡೀ ಕಟ್ಟಡದ ಚಿತ್ರ ಬರೆದು ಅಧಿಕಾರಿಗಳ ಮುಂದೆ ಹಾಸುತ್ತಾರಂತೆ. ಚಿತ್ರಕ್ಕೆ ಯಾರು ಹೆದರುತ್ತಾರೆ? ಗೇಟಿಗೆ ಸರಪಳಿ ಬಿಗಿದುಕೊಂಡು ಕೂರೋಣ ಎಂದೆ.

"ಕೂರುವಿಯಂತೆ, ಕ್ರಾಂತಿಕಾರಿ ತಾಯಿ. ಮೊದಲು ಟೇಪು ಬಿಗಿಯಾಗಿ ಹಿಡಿ."

ಮಾರ್ಚ್ 6

ಚಿಕ್ಕಮ್ಮನ ಆಫೀಸಿನ ಗೋಡೆಯ ಮೇಲೆ ಅವರು ಹೋರಾಡಿ ಉಳಿಸಿದ ಕಟ್ಟಡ ಒಂದೂ ಇಲ್ಲ. ಸೋತು ಕಳೆದುಕೊಂಡವುಗಳ ಚಿತ್ರ ಮಾತ್ರ. ಕೇಳಿದ್ದಕ್ಕೆ, "ಉಳಿದದ್ದನ್ನ ಹೋಗಿ ನೋಡಬಹುದಲ್ಲ" ಎಂದರು.

ಇನ್ನೊಂದು ವಿಚಿತ್ರ — ಮೇಜಿನ ಮೇಲೆ ರಬ್ಬರ್ ಇಲ್ಲ. ಇರುವಂತೆಯೂ ಇಲ್ಲ. ತಪ್ಪಿದ ಗೆರೆ ಹಾಗೇ ಇರಬೇಕು, ಸರಿಯಾದ ಗೆರೆ ಅದರ ಪಕ್ಕದಲ್ಲಿ ಬರಬೇಕು. ಹಟವೋ ತತ್ವವೋ ತಿಳಿಯದು. ನಾನು ಓದಿದ ಯಾವ ಕರಪತ್ರದಲ್ಲೂ ಇದು ಇಲ್ಲ.

ಮಾರ್ಚ್ 11

ಚಿಕ್ಕಮ್ಮ ಬೇರೆ ಊರಿಗೆ ಹೋಗಿದ್ದಾರೆ, ಯಾವುದೋ ಹಳೆ ಮನೆಯ ಸೂರು ನೋಡಲು. ಕೈಕಟ್ಟಿ ಕೂರುವವಳಲ್ಲ ನಾನು. ನನ್ನದೇ ಕರಪತ್ರ ತಯಾರು! ಅವರ ಚಿತ್ರದ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ನಕಲು ತೆಗೆದೆ. ಆಮೇಲೆ ಅಂಗಡಿಯಿಂದ ರಬ್ಬರ್ ತಂದೆ. ಟಾರ್ಪಾಲುಗಳು, ವೈರುಗಳು, ಬೋರ್ಡುಗಳು, ಟೇಲರಣ್ಣನ ಮಿಷನ್, ಬೀಗ ರಿಪೇರಿ ಅಕ್ಕನ ಡಬ್ಬಗಳು, ಕಂಬಗಳಿಂದ ಚಾಚಿದ ತುಕ್ಕು ಕೊಕ್ಕೆಗಳು... ನಕಲಿನಿಂದ ಎಲ್ಲ ಅಳಿಸಿ ಹಾಕಿದೆ. ಎಂಥ ಕಟ್ಟಡ ಎದ್ದು ನಿಂತಿತು! ಕಬ್ಬಿಣದ ಕಂಬಗಳ ಸಾಲು, ಮೇಲಿನಿಂದ ಇಳಿಯುವ ಬೆಳಕು. ಶುದ್ಧ ಮೂಲರೂಪ. ಸಂಜೆಯೇ ಪ್ರೆಸ್ಸಿಗೆ ಕೊಟ್ಟೆ.

ಮಾರ್ಚ್ 14

ಕರಪತ್ರ ಹಂಚಿದೆ. ಮಾರುಕಟ್ಟೆಯವರೆಲ್ಲ 28ಕ್ಕೆ ಬರುತ್ತೇವೆಂದು ಮೊದಲೇ ಮಾತು ಕೊಟ್ಟಿದ್ದರು. ಟೇಲರಣ್ಣ ಕನ್ನಡಕ ಏರಿಸಿ ನೋಡಿದ. ತಿರುಗಿಸಿ ಹಿಂಬದಿಯನ್ನೂ ನೋಡಿದ.

"ನನ್ನ ಅಂಗಡಿ ಎಲ್ಲಮ್ಮಾ?"

"ಇದು ಮೂಲರೂಪ, ಅಣ್ಣ."

"ಮೂಲರೂಪದಲ್ಲಿ ಎಲ್ಲರೂ ಬೆತ್ತಲೆ ಹುಟ್ಟಿದೋರೇ. ಹಂಗಂತ ಹಂಗೇ ಓಡಾಡ್ತೀವಾ? ಟೇಲರ್ ನಾನು, ನನಗೆ ಹೇಳ್ಬೇಡ."

ಸುತ್ತ ನಗು. ಬೀಗದಕ್ಕ ಮಾತ್ರ ನಗಲಿಲ್ಲ. "ಆ ನಗರಸಭೆ ಇಂಜಿನಿಯರು ನಮ್ಮನ್ನ ಮುಂದಿನ ತಿಂಗಳು ಎಬ್ಬಿಸ್ತೀನಿ ಅಂದ. ನೀನು ಇವತ್ತೇ ಎಬ್ಬಿಸಿಬಿಟ್ಟೆಯಲ್ಲೇ."

ವಿವರಿಸಲು ಹೋದೆ. ಟೇಲರಣ್ಣ ಕರಪತ್ರವನ್ನು ನಾಲ್ಕಾಗಿ ಮಡಚಿ ನನ್ನ ಕೈಗೇ ಇಟ್ಟ. "28ಕ್ಕೆ ನಾವು ಬರಲ್ಲ. ಕಂಬಗಳನ್ನೇ ಕರ್ಕೊಂಡು ಹೋಗು."

ಇವರಿಗೆ ಏನು ತಿಳಿಯುತ್ತದೆ! ಯಾರಿಗಾಗಿ ಒದ್ದಾಡುತ್ತಿದ್ದೇನೆ ನಾನು?

ಮಾರ್ಚ್ 16

ಚಿಕ್ಕಮ್ಮ ಬಂದರು. ಅವರಿಗಿಂತ ಮುಂಚೆ ಸುದ್ದಿ ಬಂದಿತ್ತು: ನನ್ನ ಕರಪತ್ರ ನಗರಸಭೆಯ ಫೈಲು ಸೇರಿದೆ. 'ಕಟ್ಟಡ ಖಾಲಿ ಇದೆ, ಬಳಕೆಯಲ್ಲಿಲ್ಲ ಎಂಬುದು ಅವರದೇ ಚಿತ್ರದಲ್ಲಿ ಸ್ಪಷ್ಟ' ಎಂದು ಇಂಜಿನಿಯರ್ ಬರೆದಿದ್ದಾನಂತೆ.

ಬೈಗುಳಕ್ಕೆ ತಯಾರಾಗಿ ನಿಂತೆ. ಚಿಕ್ಕಮ್ಮ ತಮ್ಮ ಚಿತ್ರವನ್ನೂ ನನ್ನದನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

"ರಬ್ಬರ್ ಎಲ್ಲಿಂದ ತಂದೆ?"

ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಗೋಡೆಯ ಚಿತ್ರಗಳನ್ನು ಈಗ ಹತ್ತಿರ ಹೋಗಿ ನೋಡಿದೆ. ಕೆಡವಿದ ರೈಲು ನಿಲ್ದಾಣದ ಬೆಂಚಿನ ಮೇಲೆ ಯಾರೋ ಬಾಯಿ ತೆರೆದು ಮಲಗಿದ್ದಾರೆ. ಕೆಡವಿದ ಲೈಬ್ರರಿಯ ಮೆಟ್ಟಿಲಲ್ಲಿ ಒಬ್ಬಾಕೆ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದಾಳೆ. ಪ್ರತಿ ಚಿತ್ರದಲ್ಲೂ ಯಾರೋ ಇದ್ದಾರೆ.

ರಬ್ಬರ್ ಕಿಟಕಿಯಾಚೆ ಎಸೆದೆ.

ಮಾರ್ಚ್ 21

ಸ್ಟೂಲು, ಬೋರ್ಡು, ಪೆನ್ಸಿಲು ಹಿಡಿದು ದಿನವೂ ಮಾರುಕಟ್ಟೆಯಲ್ಲೇ. ಮತ್ತೆ ಮೊದಲಿನಿಂದ, ಈ ಸಲ ನಕಲಿಲ್ಲದೆ, ಇದ್ದದ್ದು ಇದ್ದಂತೆ. ಮೊದಲ ದಿನ ಟೇಲರಣ್ಣ ನನ್ನನ್ನು ನೋಡಿ ಮಿಷನ್ನನ್ನೇ ತಿರುಗಿಸಿಕೊಂಡು ಕುಳಿತ. ಸರಿ, ಬೆನ್ನನ್ನೇ ಬರೆದೆ. ಇವತ್ತು ನೀರು ಕುಡಿಯಲು ಎದ್ದವನು ನನ್ನ ಹಿಂದೆ ನಿಂತ.

"ನನ್ನ ಬೆನ್ನು ಅಷ್ಟು ಗೂನಾ?"

"ಇದ್ದಂಗೆ ಬರ್ದಿದೀನಿ."

"ಸ್ವಲ್ಪ ಅಳಿಸಿ ನೆಟ್ಟಗೆ ಮಾಡು."

"ರಬ್ಬರ್ ಇಲ್ಲ, ಅಣ್ಣ."

ಮೀಸೆಯಡಿ ಏನೋ ಅಲುಗಿತು. ನಗು ಎಂದೇ ಬರೆದುಕೊಳ್ಳುತ್ತೇನೆ.

ಮಾರ್ಚ್ 22

ಸಿಕ್ಕಿತು! ಟಾರ್ಪಾಲಿನ ಹಗ್ಗ ಎಲ್ಲಿ ಕಟ್ಟಿದೆ ಎಂದು ಬರೆಯಲು ಹತ್ತಿರ ಹೋದೆ. ತುಕ್ಕು ಕೊಕ್ಕೆ. ಬಣ್ಣದ ಪದರ ಉಗುರಲ್ಲಿ ಕೆರೆದು ನೋಡಿದೆ — ಬೆಸುಗೆ ಇಲ್ಲ, ಬೋಲ್ಟಿಲ್ಲ. ಕಂಬದ ಜೊತೆಗೇ ಎರಕ ಹೊಯ್ದ ಕೊಕ್ಕೆ. ಎಲ್ಲ ಕಂಬಗಳಲ್ಲೂ ಹಾಗೇ. ಅಂದರೆ ಕಟ್ಟಿದವರೇ ಅಂಗಡಿಗಳಿಗೆ ಪರದೆ ಕಟ್ಟಲೆಂದು ಜಾಗ ಮಾಡಿಟ್ಟಿದ್ದರು! ಯಾವುದನ್ನು ಕಸವೆಂದು ಅಳಿಸಿದೆನೋ ಅದೇ ಮೂಲರೂಪ.

ಓಡಿಹೋಗಿ ಹೇಳಿದೆ. ಚಿಕ್ಕಮ್ಮ ಪೆನ್ಸಿಲ್ ಕೆಳಗಿಟ್ಟರು. "ಇಷ್ಟು ವರ್ಷ ನಾನೂ ಗಮನಿಸಿರಲಿಲ್ಲ ನೋಡು."

ಮಾರ್ಚ್ 27

ಚಿತ್ರ ಮುಗಿಯಿತು. ಕಂಬ, ಕೊಕ್ಕೆ, ಟಾರ್ಪಾಲು, ಮಿಷನ್, ಬೀಗದ ಡಬ್ಬ, ಗೂನುಬೆನ್ನು. ಎಷ್ಟೋ ತಪ್ಪಿದ ಗೆರೆಗಳೂ. ಟೇಲರಣ್ಣನಿಗೆ ತೋರಿಸಿ ನಾಳೆ ಬನ್ನಿ ಎಂದೆ. "ಅರ್ಜೆಂಟ್ ಹೊಲಿಗೆ ಇದೆ" ಎಂದ, ತಲೆ ಎತ್ತದೆ.

ಚಿಕ್ಕಮ್ಮ ಚಿತ್ರ ಸುತ್ತಿಡುತ್ತ, "ಕರಪತ್ರಾನೂ ಜೊತೆಗಿಡು" ಎಂದರು.

"ಅದು ಯಾಕೆ?"

"ಇಂಜಿನಿಯರ್ ಹೇಗೂ ತರ್ತಾನೆ. ನಾವೇ ಮೊದಲು ಹಾಸೋಣ. ತಪ್ಪಿದ್ದು ಇರಲಿ, ಸರಿಯಾದ್ದು ಅದರ ಪಕ್ಕ. ಮಾತಾಡೋದು ನೀನು."

"ನಾನಾ? ನಿಮ್ಮ ಮಾತಾದ್ರೆ ಕೇಳ್ತಾರೆ."

"ಕೊಕ್ಕೆ ಅಳಿಸಿದ್ದು ನೀನು, ಹುಡುಕಿದ್ದೂ ನೀನು. ನನಗೇನು ಗೊತ್ತು ಅದರ ಕಥೆ?"

ಆಗಲಿ. ಮಾತಾಡುತ್ತೇನೆ.

ಮಾರ್ಚ್ 28, ವಿಚಾರಣೆ ಕೋಣೆಯ ಹೊರಗೆ

ಬೆಂಚಿನ ಮೇಲೆ ನಾವಿಬ್ಬರೇ. ಮಾರುಕಟ್ಟೆಯಿಂದ ಒಂದು ನರಪಿಳ್ಳೆಯೂ ಇಲ್ಲ. ಚಿಕ್ಕಮ್ಮ ಸುಮ್ಮನೆ ಪೆನ್ಸಿಲ್ ಹೆರೆಯುತ್ತಿದ್ದಾರೆ. ಯಾರೂ ಬಾರದಿದ್ದರೂ ಹೇಳುವುದನ್ನು ಹೇಳಿಯೇ ತೀರುತ್ತೇನೆ. ನಾಲಿಗೆ ತೊದಲಬಾರದು, ಅಷ್ಟೇ.

ಮೆಟ್ಟಿಲಲ್ಲಿ ಸದ್ದು... ಬೀಗದ ಕೈಗಳ ಗೊಂಚಲು! ಬೀಗದಕ್ಕ. ಹಿಂದೆ ಇಡೀ ಮಾರುಕಟ್ಟೆ. ಕೊರಳಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ ಟೇಲರಣ್ಣ.

"ಹೊಲಿಗೆ ಅರ್ಜೆಂಟಿತ್ತಲ್ಲ?" ಎಂದೆ.

"ನನ್ನ ಬೆನ್ನು ಹೆಂಗೂ ನೋಡ್ತಾರೆ. ಮುಖಾನೂ ನೋಡ್ಲಿ ಅಂತ ಬಂದೆ."

ಜವಾನ ನಮ್ಮ ಹೆಸರು ಕೂಗಿದ. ಚಿಕ್ಕಮ್ಮ ಎದ್ದರು. ಮೊದಲ ವಾಕ್ಯ ಬರೆದಿಟ್ಟುಕೊಳ್ಳುತ್ತೇನೆ, ಮರೆಯಬಾರದು — ಇದು ನಾನು ಬರೆದ ತಪ್ಪು ಚಿತ್ರ, ಇದರ ಪಕ್ಕದಲ್ಲಿ —