ನಾಲ್ಕು ಬೆರಳು ತಗ್ಗು

ಮೇ 11, ಭಾನುವಾರ

ಕಾಫಿ, ಒಂದು ಬಿಸ್ಕತ್ತು. ಎರಡನೆಯದಕ್ಕೆ ಕೈ ಹೋಯಿತು. ಹಿಸ್ಕೆ ಇದ್ದಿದ್ದರೆ ಡಬ್ಬಿ ಮುಚ್ಚುತ್ತಿದ್ದಳು, ನಾನೇ ಮುಚ್ಚಿದೆ. ಹೆಂಡತಿ ಸತ್ತು ಹದಿನಾಲ್ಕು ತಿಂಗಳಾದರೂ ಡಬ್ಬಿಯ ಕಾನೂನು ಅವಳದೇ.

ಹನ್ನೊಂದಕ್ಕೆ ಮಗಳು ಯಾನ್ಕೆ, ಅಳಿಯ ರೂಲೊಫ್, ಮೊಮ್ಮಕ್ಕಳಿಬ್ಬರು. ಹೊಸ ವ್ಯಾನು ತೋರಿಸಲು. ಹೊಸದೆಂದರೆ ಯಾರೋ ಪ್ಲಂಬರ್ ಹತ್ತು ವರ್ಷ ಓಡಿಸಿ ಬಿಟ್ಟದ್ದು. ಬಾಗಿಲ ಮೆಟ್ಟಿಲು ನನ್ನ ಮಂಡಿಯ ಎತ್ತರ. ಸೊಂಟದ ಆಪರೇಷನ್ ಆದಮೇಲೆ ಬಲಗಾಲು ಅಷ್ಟು ಏಳುವುದಿಲ್ಲ. ಅಳಿಯ ಹಿಂದಿನಿಂದ ಎರಡೂ ಕೈಯಿಟ್ಟು ತಳ್ಳಿದ, ಮೂಟೆ ಏರಿಸುವ ಹಾಗೆ. ಎದುರು ಮನೆಯ ಪೋಸ್ಟ್ಮಾ ಎಂಬ ಹೆಂಗಸು ಪರದೆಯಿಲ್ಲದ ಕಿಟಕಿಯಲ್ಲಿ ಕೂತು ಪೂರ್ತಿ ನೋಡಿದಳು. ಚಹಾ ಕುಡಿಯುತ್ತಾ.

"ಗಾಡಿ ತಗ್ಗಿಸೋಣ ಮಾವ. ಜುಲೈಗೆ ಫ್ರಾನ್ಸಿಗೆ ನೀವೂ ಬರ್ತೀರಲ್ಲ."

"ನೋಡೋಣ" ಎಂದೆ. ನದಿ ದಂಡೆಯ ಅದೇ ಕ್ಯಾಂಪು. ಹಿಸ್ಕೆ ಜೊತೆ ಇಪ್ಪತ್ತಾರು ಬೇಸಿಗೆ ಕಳೆದದ್ದು. ಇನ್ನೊಮ್ಮೆ ಹೋಗಲೇಬೇಕು. ಇವರಿಗೆ ಹೇಳುವ ಅಗತ್ಯವಿಲ್ಲ.

ಮೇ 14, ಬುಧವಾರ

ಅಳಿಯ ಬಂದು ಮೇಜಿನ ಮೇಲೆ ಚಿತ್ರ ಬರೆದು ವಿವರಿಸಿದ. ನಲವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವನಿಗೆ ಚಿತ್ರ!

ಎರಡು ದಾರಿಯಂತೆ. ಒಂದು, ಸ್ಪ್ರಿಂಗ್ ತೆಗೆದು ಗಾಳಿಯ ಚೀಲ ಹಾಕುವುದು. ಗುಂಡಿ ಒತ್ತಿದರೆ ಗಾಳಿ ಬಿಟ್ಟು ಗಾಡಿ ಬಗ್ಗುತ್ತದೆ, ಹತ್ತಿದ ಮೇಲೆ ಏಳುತ್ತದೆ. ಇನ್ನೊಂದು, ಗಿಡ್ಡ ಸ್ಪ್ರಿಂಗ್. ಗಾಡಿ ಸದಾಕಾಲಕ್ಕೂ ನಾಲ್ಕು ಬೆರಳು ತಗ್ಗು.

"ಗಾಳಿದೇ ಒಳ್ಳೇದು ಮಾವ. ನಿಮ್ಗೋಸ್ಕರಾನೇ."

ಅಲ್ಲೇ ಕೆಟ್ಟಿತು ನನ್ನ ತಲೆ. "ನನಗೋಸ್ಕರ ಯಾವ ಗಾಡೀನೂ ಮಂಡಿಯೂರೋದು ಬೇಡ" ಎಂದೆ.

ಗಾಳಿ ಬಿಟ್ಟು ಬಗ್ಗುವ ಸದ್ದು ನನಗೆ ಗೊತ್ತು. ಸಿಟಿ ಬಸ್ಸಿನ ಸದ್ದು. ಕೊನೆಯ ವರ್ಷ ಹಿಸ್ಕೆ ಕೋಲೂರಿ ನಿಂತು ಪ್ರತಿ ಸಲ ಡ್ರೈವರನ್ನು ಕೇಳುತ್ತಿದ್ದಳು: "ಸ್ವಲ್ಪ ಇಳಿಸ್ತೀಯಾ, ಮಗಾ?" ಬಸ್ಸು ಉಸ್ಸ್... ಎಂದು ಮುದಿ ಒಂಟೆಯ ಹಾಗೆ ಬಾಗುತ್ತಿತ್ತು. ಒಳಗಿನವರೆಲ್ಲ ಕತ್ತು ತಿರುಗಿಸುತ್ತಿದ್ದರು. ನಾನು ಎರಡು ಹೆಜ್ಜೆ ಆಚೆ ನಿಂತು ವೇಳಾಪಟ್ಟಿ ಓದುತ್ತಿದ್ದೆ. ಆ ಬಸ್ಸಿನ ವೇಳೆ ನನಗೆ ಬಾಯಿಪಾಠ.

ಗಿಡ್ಡ ಸ್ಪ್ರಿಂಗಿನಲ್ಲಿ ಡಿಗ್ನಿಟಿ ಇದೆ. ಕಾಲೇಜಿನಲ್ಲಿ ಕಲಿತ ಪದ, ಇನ್ನೂ ನೆನಪಿದೆ. ಎಲ್ಲರಿಗೂ ತಗ್ಗು, ಯಾರಿಗಾಗಿಯೂ ತಗ್ಗಿದ್ದಲ್ಲ.

ಮೇ 24, ಶನಿವಾರ

ಗ್ಯಾರೇಜಿಗೆ ನಾನೂ ಹೋದೆ. ಮೆಕ್ಯಾನಿಕ್ಕನ ಕತ್ತಿನ ಮೇಲೆ ಹಾವಿನ ಹಚ್ಚೆ, ಬಾಯಲ್ಲಿ ಚ್ಯೂಯಿಂಗ್ ಗಮ್. ತಲೆಯೊಂದು ಬಿಟ್ಟು ಮಿಕ್ಕೆಲ್ಲ ಕೆಲಸ ಮಾಡುತ್ತಿತ್ತು.

"ಫ್ಯಾಮಿಲಿ ಗಾಡಿ ಅಲ್ವಾ ಯಜಮಾನ್ರೇ? ಲೋಡ್ ಬಿದ್ರೆ ಗಿಡ್ಡ ಸ್ಪ್ರಿಂಗು ಇನ್ನೂ ಕೂತ್ಕೊಳ್ಳತ್ತೆ. ಗಾಳೀದಾದ್ರೆ ಎಷ್ಟು ಹೇರಿದ್ರೂ ಎತ್ಕೊಂಡು ಹೋಗತ್ತೆ."

"ನಾವೇನು ಸಿಮೆಂಟು ಸಾಗಿಸ್ತೀವಾ?" ಎಂದೆ. ಅಳಿಯ ಬಾಯಿ ತೆರೆದ. ಯಾನ್ಕೆ ಅವನ ತೋಳು ಒತ್ತಿದಳು. "ಅಪ್ಪ ಹೇಳಿದ್ದೇ ಹಾಕಿಸು, ರೂಲೊಫ್. ಇಲ್ಲಾಂದ್ರೆ ಬರೋದೇ ಇಲ್ಲ ಅಂತ ಹಟ ಹಿಡೀತಾನೆ." ನಾನು ಕೇಳಿಸಿಕೊಳ್ಳಲಿಲ್ಲ ಎಂದುಕೊಂಡಿದ್ದಾಳೆ.

ಗಿಡ್ಡ ಸ್ಪ್ರಿಂಗೇ ಆಯಿತು. ಸಂಜೆ ಯಾರ ಕೈಯೂ ಬೇಡದೆ ಹತ್ತಿದೆ. ಪೋಸ್ಟ್ಮಾಳ ಕಿಟಕಿ ಕಡೆ ಟೋಪಿ ಎತ್ತಿದೆ. ವಿಕ್ಟರಿ.

ಜೂನ್ 21, ಶನಿವಾರ

ಬರೆಯಬಾರದೆಂದಿದ್ದೆ.

ಯಾನ್ಕೆಗೆ ಎಲ್ಲದಕ್ಕೂ ರಿಹರ್ಸಲ್ ಬೇಕು. ಮೂರು ವಾರ ಮೊದಲೇ ಎಲ್ಲ ತುಂಬಿ ನೋಡಿದರು. ಟೆಂಟು, ಸೈಕಲ್ಲು ಐದು, ಹದಿನೈದು ಕಿಲೋ ಆಲೂಗಡ್ಡೆ. ಫ್ರಾನ್ಸಿನವರ ಆಲೂಗಡ್ಡೆ ನಂಬಬಾರದು ಎನ್ನುವುದು ನಮ್ಮ ಮನೆಯ ನಿಯಮ. ನಾನು ಮುಂದೆ, ಅಳಿಯನ ಪಕ್ಕ.

ಎರಡು ಮನೆ ದಾಟಿದರೆ ಹಂಪು. ಈ ಊರಿನಲ್ಲಿ ನಾಯಿಗಿಂತ ಹಂಪು ಹೆಚ್ಚು. ಕರ್ರ್ರ್! ಗಾಡಿಯ ಹೊಟ್ಟೆ ಉಜ್ಜಿತು. ಹಿಂದೆ ಬಂದೆವು. ಆಲೂಗಡ್ಡೆ ಇಳಿಸಿದರು. ಕರ್ರ್. ನೀರಿನ ಕ್ಯಾನು ಇಳಿಸಿದರು. ಕರ್ರ್.

"ಅಡಿಯಲ್ಲಿ ಏನು ತಾಗುತ್ತೆ ನೋಡ್ತೀನಿ" ಎಂದು ನಾನೇ ಇಳಿದೆ. ಅಳಿಯ ಇನ್ನೊಮ್ಮೆ ಓಡಿಸಿದ. ಸದ್ದಿಲ್ಲ. ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೋಯಿತು.

ಸಣ್ಣ ಮೊಮ್ಮಗಳು ಕಿಟಕಿಯಿಂದ ಕೂಗಿದಳು: "ತಾತ ಇಳಿದ್ರೆ ಸರಿ ಹೋಗತ್ತೆ!"

ನಾನು ಹಂಪಿನ ಈಚೆ, ಆಲೂಗಡ್ಡೆ ಮೂಟೆಯ ಪಕ್ಕ. ಪೋಸ್ಟ್ಮಾ ಕೂಡ ಚಹಾ ಕೆಳಗಿಟ್ಟಳು.

"ಟೆಂಟ್ ಬಿಟ್ಹೋಗೋಣ ಅಪ್ಪ" ಎಂದಳು ಯಾನ್ಕೆ.

"ಟೆಂಟ್ ಬಿಟ್ಟು ಮಲಗೋದೆಲ್ಲಿ, ಮರದ ಮೇಲಾ? ನನಗೂ ಆ ಸೊಳ್ಳೆ ಕ್ಯಾಂಪಿಗೆ ಬರೋ ಆಸೆ ಇಲ್ಲ." ಮನೆಗೆ ನಡೆದು ಬಂದೆ. ಆಲೂಗಡ್ಡೆಯನ್ನೂ ಅವರೇ ತಂದಿಟ್ಟು ಹೋದರು.

ಜೂನ್ 28, ಶನಿವಾರ

ಏಳು ದಿನ ಫೋನ್ ಎತ್ತಲಿಲ್ಲ. ಆಲೂಗಡ್ಡೆ ತಿಂದೆ. ಬೇಯಿಸಿದ್ದು, ಹುರಿದದ್ದು, ಮತ್ತೆ ಬೇಯಿಸಿದ್ದು.

ಇವತ್ತು ಬಸ್ ಸ್ಟಾಪಿಗೆ ಹೋದೆ. ಎಲ್ಲಿಗೆ ಎಂದು ನನಗೇ ಹೇಳಿಕೊಂಡಿರಲಿಲ್ಲ. ಡ್ರೈವರ್ ಹುಡುಗಿ ಕೇಳಿದಳು: "ಇಳಿಸ್ಲಾ, ಅಜ್ಜಾ?"

"ಬೇಡ."

ಕಂಬಿ ಹಿಡಿದೆ. ಕಾಲು ಮೆಟ್ಟಿಲಿಗೆ ತಾಗಿ ಜಾರಿತು. ಮತ್ತೆ. ಮೂರನೆಯ ಸಲಕ್ಕೆ ಒಳಗೆ. ಎಲ್ಲ ಕತ್ತುಗಳೂ ನನ್ನ ಕಡೆಯೇ. ಹಿಸ್ಕೆಗೆ ಹತ್ತಲು ಇದರ ಅರ್ಧ ಹೊತ್ತೂ ಹಿಡಿಯುತ್ತಿರಲಿಲ್ಲ. ಕೇಳುತ್ತಿದ್ದಳು, ಹತ್ತುತ್ತಿದ್ದಳು, ಕೂರುತ್ತಿದ್ದಳು, ನನಗೆ ಪಕ್ಕದ ಸೀಟು ತಟ್ಟಿ ತೋರಿಸುತ್ತಿದ್ದಳು. ನಾಚಿಕೆ ಅವಳಿಗಿರಲಿಲ್ಲ. ಅದನ್ನು ಹೊತ್ತು ತಿರುಗಿದ್ದು ಈ ಕತ್ತೆ.

ಗ್ಯಾರೇಜಿನಲ್ಲಿ ಅದೇ ಹಾವಿನ ಹಚ್ಚೆಯ ಕತ್ತು. "ನಮ್ಮ ವ್ಯಾನಿಗೆ ಗಾಳಿಯ ಚೀಲಾನೇ ಹಾಕಿ" ಎಂದೆ.

"ಅವತ್ತೇ ಹೇಳಿದ್ನಲ್ಲ ಯಜಮಾನ್ರೇ."

"ಹೌದು, ನೀವು ಹೇಳಿದ್ರಿ. ಮೂರ್ಖರೂ ಒಮ್ಮೊಮ್ಮೆ ಸರಿ ಹೇಳ್ತಾರೆ." ಯಾರನ್ನು ಅಂದೆನೋ! ಅವನು ನಕ್ಕ. ಹಲ್ಲು ಚೆನ್ನಾಗಿದೆ.

ಜುಲೈ 10, ಗುರುವಾರ

ಗಾಡಿ ಸಿದ್ಧ. ಅಳಿಯ ಫೋನಿನಲ್ಲಿ ಮಗುವಿನ ಹಾಗೆ ಕುಣಿದ. "ಹಂಪು ಗೊತ್ತೇ ಆಗಲ್ಲ ಮಾವ! ಮೇಲೆ, ಕೆಳಗೆ, ಗುಂಡಿ ಒತ್ತಿದ್ರೆ ಸಾಕು!"

"ಒಂದು ಮಾತು ಕೇಳು. ನಾನು ಹೇಳದೆ ನೀನು ಆ ಗುಂಡಿ ಮುಟ್ಟಬಾರದು. ಸರ್ಕಸ್ ಬೇಡ."

"ಆಯ್ತು ಮಾವ. ಪ್ರಾಮಿಸ್."

ಇವನ ಪ್ರಾಮಿಸ್ಸು ನನಗೆ ಗೊತ್ತಿಲ್ಲವೇ. ಒಂದಾದರೂ ಉಳಿಸಿಕೊಂಡವನಲ್ಲ.

ಜುಲೈ 12, ಶನಿವಾರ, ಬೆಳಗ್ಗೆ 5:40

ನಾಲ್ಕಕ್ಕೇ ಎದ್ದೆ. ಚೀಲ ಬಾಗಿಲ ಬಳಿ. ಹೊಸ ಆಲೂಗಡ್ಡೆ ಹದಿನೈದು ಕಿಲೋ, ಅದೂ ಬಾಗಿಲ ಬಳಿ. ಬಿಸ್ಕತ್ತು ಡಬ್ಬಿಯೂ ಬರುತ್ತದೆ, ಎರಡು ತಿಂದೆ.

ವ್ಯಾನು ಬಂತು. ಬಾಗಿಲು ತೆರೆದರು, ಚೀಲ ಒಯ್ದರು, ಮೂಟೆ ಒಯ್ದರು. ಈಗ ಅಳಿಯ ಸ್ಟೀರಿಂಗ್ ಹಿಂದೆ ಸುಮ್ಮನೆ ಕೂತಿದ್ದಾನೆ. ಮೆಟ್ಟಿಲು ಮಂಡಿಯೆತ್ತರ. ಬೆರಳು ಗುಂಡಿಯ ಹತ್ತಿರ, ಮುಟ್ಟಿಲ್ಲ. ಜನ್ಮದಲ್ಲಿ ಮೊದಲ ಬಾರಿ ಮಾತು ಉಳಿಸಿಕೊಳ್ಳುತ್ತಿದ್ದಾನೆ, ಇವತ್ತೇ ಆಗಬೇಕಿತ್ತು ಅದು! ಪೆದ್ದ.

ಎದುರು ಕಿಟಕಿಯಲ್ಲಿ ಪೋಸ್ಟ್ಮಾ. ಈ ಹೊತ್ತಿಗೂ. ಚಹಾ.

ಯಾನ್ಕೆ ಕೈಬೀಸುತ್ತಿದ್ದಾಳೆ. ಪಕ್ಕದ ಸೀಟು ತಟ್ಟಿ ತೋರಿಸುತ್ತಿದ್ದಾಳೆ.

ಸರಿ. ನನ್ನ ಮೇಜಿನ ಪಕ್ಕದ ಕಿಟಕಿ ತೆರೆದೇ ಇದೆ. ಇಲ್ಲಿಂದಲೇ ಹೇಳಿದರೂ ಅವನಿಗೆ ಕೇಳುತ್ತದೆ, ಪೋಸ್ಟ್ಮಾಗೂ ಕೇಳುತ್ತದೆ, ಕೇಳಲಿ... ಏನನ್ನುತ್ತಿದ್ದಳು ಹಿಸ್ಕೆ — ಸ್ವಲ್ಪ ಇಳಿಸ್ತೀಯಾ...