ಮೂವತ್ತೊಂದು ಗೆರೆಗಳ ನಕ್ಷೆ

ಅಕ್ಕಾ,

ಕೋಪದಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಸರ್ಕಾರಿ ಅನುದಾನದ ಕ್ರೀಡಾ ಯೋಜನೆಗಳಲ್ಲಿ ಯಾವ ದೇಶದ ಕ್ಲಬ್ಬು ಯಾವ ದೇಶದ ಕ್ಲಬ್ಬಿನ ಜೊತೆ ಕೈಜೋಡಿಸಿದೆ ಎಂದು ಈ ಸಮ್ಮೇಳನದಲ್ಲಿ ಸಂಶೋಧಕಿಯೊಬ್ಬಳು ಗೋಡೆಯಗಲದ ನಕ್ಷೆ ಮಾಡಿದ್ದಾಳೆ. ಚುಕ್ಕೆ ಅಂದರೆ ಕ್ಲಬ್ಬು, ಗೆರೆ ಅಂದರೆ ಜೊತೆಗಾರಿಕೆ; ಜಂಟಿ ಯೋಜನೆ ಹೆಚ್ಚಿದಷ್ಟೂ ಗೆರೆ ದಪ್ಪ. ನಟ್ಟನಡುವಿನ ದೊಡ್ಡ ಚುಕ್ಕೆ ನಮ್ಮ ಜೂಡೋ ಕ್ಲಬ್ಬು! ಮೂವತ್ತೊಂದು ಗೆರೆ. ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಎಲ್ಲಕ್ಕಿಂತ ದಪ್ಪ ಗೆರೆಯ ಆಚೆ ತುದಿಯ ಕ್ಲಬ್ಬಿನ ಕೋಚ್ ನನ್ನ ಪಕ್ಕದಲ್ಲೇ ಕೂತಿದ್ದ. "ನೀವು ಯಾವ ಆಟ ಕಲಿಸ್ತೀರಮ್ಮಾ?" ಎಂದ. ಇವನು ಆರು ವರ್ಷದಿಂದ ನಮ್ಮ ಜೊತೆಗಾರನಂತೆ! ಮೈಯೆಲ್ಲ ಉರಿದುಹೋಯಿತು. ಸಂಶೋಧಕಿಯ ಎದುರು ಹೋಗಿ ನಿಂತೆ. "ಅರ್ಜಿ ಮೇಲೆ ಯಾರ್ಯಾರ ಸೀಲಿದೆ ಅಂತ ಎಣಿಸಿದೀನಿ, ಅಷ್ಟೇ" ಎಂದಳು.

ಆ ಅರ್ಜಿಗಳಿಗೆ ನಮ್ಮ ಕ್ಲಬ್ಬಿನ ಸೀಲು ಒತ್ತಿದವಳು ನೀನು. "ಪಾಪ, ಅಷ್ಟು ದೂರದಿಂದ ಕೇಳ್ತಾರೆ, ಇಲ್ಲ ಅನ್ನೋದು ಹೇಗೆ?" ಎಂದು ಬಂದ ಕಾಗದಕ್ಕೆಲ್ಲ ಒತ್ತಿದೆ. ಅನುದಾನ ಅವರ ಪಾಲಾಯಿತು, ನಮ್ಮ ಹುಡುಗಿಯರು ಇವತ್ತಿಗೂ ಹರಿದ ಮ್ಯಾಟಿನ ಮೇಲೆ ಬೀಳುತ್ತಿದ್ದಾರೆ. ಇನ್ನೊಮ್ಮೆ ಆ ಸೀಲು ಮುಟ್ಟಿದರೆ ನೋಡು!

ನನ್ನ ಮಂಡಿನೋವು ಈಗ ಪರವಾಗಿಲ್ಲ. ಗುರುವಾರ ಬರುತ್ತೇನೆ. ನಕ್ಷೆಯನ್ನು ಗೋಡೆಯಿಂದ ಕಿತ್ತು, ಸುತ್ತಿ, ಚೀಲಕ್ಕೆ ಹಾಕಿಕೊಂಡಿದ್ದೇನೆ. ದಪ್ಪ ಬಟ್ಟೆ, ಮ್ಯಾಟಿಗೆ ತೇಪೆ ಹಾಕಬಹುದು.

ನಿನ್ನ ತಂಗಿ